ಪೂಜೆಯ ಚೀಲದ ಗುಳಿಗೆ

ವಿಭೂತಿಯ ವಾಸನೆ ಬಂದರೆ ಜನರಿಗೆ ಭಕ್ತಿ ಬರುತ್ತದೆ. ನನಗೆ ಬಾಯಿ ಕಹಿಯಾಗುತ್ತದೆ. ಮೊನ್ನೆ ತವರೂರು ಆಳಂದದಲ್ಲಿ ತಮ್ಮನ ಹೊಸ ಮನೆಯ ಪೂಜೆಗೆ ಹೋಗಿದ್ದೆ. ಹಣೆಗೆ ಹಚ್ಚಿಕೊಳ್ಳಲು ವಿಭೂತಿ ಗಟ್ಟಿ ಕೈಗೆ ಬಂತು. ಅದನ್ನು ಮುಖದ ಹತ್ತಿರ ತಂದದ್ದೇ ತಡ, ನಾಲಿಗೆಯ ಬುಡದಲ್ಲಿ ಗುಳಿಗೆ ಕರಗಿದ ಹಾಗಾಯಿತು. ಪಕ್ಕದಲ್ಲಿ ಕೂತಿದ್ದ ತಮ್ಮನ ಹೆಂಡತಿ "ಯಾಕ್ರಿ ಅಕ್ಕಾ, ಮಾರಿ ಸೊಟ್ಟ ಮಾಡಿದ್ರಿ?" ಅಂದಳು. ಏನಿಲ್ಲವ್ವ ಅಂದೆ. ಅವಳು ನಂಬಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ. ಆ ಒಂದು ಮಳೆಗಾಲ ಕಳೆದ ಮೇಲೆ ನಾನು ಯಾರ "ಏನಿಲ್ಲ"ವನ್ನೂ ಸುಮ್ಮನೆ ನಂಬಿದವಳಲ್ಲ.

ನಾನು ಮದುವೆಯಾಗಿ ಅಫಜಲಪುರ ತಾಲೂಕಿಗೆ ಬಂದದ್ದು ಎಂಬತ್ತರ ದಶಕದ ಶುರುವಿನಲ್ಲಿ. ಮಣ್ಣೂರಿನ ದಾರಿ ಬಿಟ್ಟು ಭೀಮಾ ಹೊಳೆಯ ಕಡೆಗೆ ಸರಿದ ಸಣ್ಣ ಊರು. ಬೇಸಿಗೆಯಲ್ಲಿ ಒಂದು ಬಸ್ಸು ಬರುತ್ತಿತ್ತು. ಮಳೆ ಹಿಡಿದರೆ ಅದೂ ಇಲ್ಲ, ಎರೆಮಣ್ಣು ಗಾಲಿಯನ್ನು ನುಂಗಿಬಿಡುತ್ತಿತ್ತು. ಗಂಡ ಗೊಬ್ಬೂರಿನ ಶಾಲೆಯಲ್ಲಿ ಮಾಸ್ತರರು, ಅಲ್ಲೇ ಒಂದು ಬಾಡಿಗೆ ಖೋಲಿ ಮಾಡಿಕೊಂಡಿದ್ದರು. ಶನಿವಾರ ಮಧ್ಯಾಹ್ನ ಮನೆಗೆ ಬಂದರೆ ಸೋಮವಾರ ಬೆಳಕು ಹರಿಯುವ ಮುಂಚೆ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಡಾಂಬರು ರಸ್ತೆಯ ತನಕ ನಡೆದು ಹೋಗಿಬಿಡುತ್ತಿದ್ದರು. ಉಳಿದ ದಿನ ಮನೆಯಲ್ಲಿ ನಾನು, ಅತ್ತೆ ಗುರುಬಸವ್ವ, ಕೊಟ್ಟಿಗೆಯಲ್ಲಿ ಎರಡು ಎತ್ತು.

ಅತ್ತೆಗೆ ಇನ್ನೂ ಐವತ್ತು ದಾಟಿರಲಿಲ್ಲ. ಗಂಡ ಸತ್ತ ಮೇಲೆ ಹೊಲವನ್ನು ತಾವೇ ನಡೆಸಿದವರು. ಹೊಲದ ಕೆಲಸಕ್ಕೆ ಲಾಲೇಸಾಬ ಇದ್ದ. ಅವನಿಗೂ ನನಗೂ ಎತ್ತುಗಳಿಗೂ ಒಂದೇ ದನಿಯಲ್ಲಿ ಹುಕುಂ. ಮನೆಯಲ್ಲಿ ಎರಡು ಕಟ್ಟಳೆ ಮಾತ್ರ ಕಲ್ಲಿನ ಹಾಗೆ. ಲಿಂಗಪೂಜೆ ಆಗುವ ತನಕ ಗಂಟಲಿಗೆ ನೀರೂ ಇಳಿಯಬಾರದು. ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡಬಾರದು, ಅದು ಬಸವಣ್ಣನ ವಾರ. ಬಿತ್ತುವ ಹದ ತಪ್ಪಿಹೋದರೂ ಸರಿ, ಸೋಮವಾರ ನಮ್ಮ ಎತ್ತು ಹೊರಗೆ ಬರುತ್ತಿರಲಿಲ್ಲ.

ಹೆಸರು, ಉದ್ದು ಬಿತ್ತಿದ ಮೇಲೆ ಅತ್ತೆಗೆ ದಮ್ಮು ಶುರುವಾಯಿತು. ಹೊಲದಿಂದ ಬರುವಾಗ ನಾಲ್ಕು ಕಡೆ ಕೂತು ಬರುತ್ತಿದ್ದರು. "ಎದಿಯಾಗ ಗುಬ್ಬಿ ಹೊಕ್ಕಂಗ ಆಗ್ಯಾದ" ಅನ್ನುತ್ತಿದ್ದರು. ಒಂದು ಭಾನುವಾರ ಗಂಡ ಹಟ ಹಿಡಿದು ನಮ್ಮಿಬ್ಬರನ್ನೂ ಬಂಡಿಯಲ್ಲಿ ಅಫಜಲಪುರಕ್ಕೆ ಕರೆದುಕೊಂಡು ಹೋದರು. ಡಾಕ್ಟರು ವಯಸ್ಸಾದವರು, ಸಿಡುಕಿನ ಮನುಷ್ಯ. ಅತ್ತೆಯ ಮುಂಗೈ ಹಿಡಿದು ಬಹಳ ಹೊತ್ತು ಸುಮ್ಮನೆ ಕೂತರು. ಆಮೇಲೆ ಎದೆಗೆ ನಳಿಗೆ ಇಟ್ಟು ಕೇಳಿದರು.

"ಸಣ್ಣಾಕಿ ಇದ್ದಾಗ ಜ್ವರ ಬಂದು ಕೀಲು ಬಾತಿದ್ವೇನು?"

"ಬಾತಿದ್ವ್ರಿ. ಮೊಣಕಾಲು ಬಿಟ್ಟು ಮೊಣಕೈಗಿ, ಮೊಣಕೈ ಬಿಟ್ಟು ಮತ್ತ ಮೊಣಕಾಲಿಗಿ. ಒಂದ ಶ್ರಾವಣ ಪೂರಾ ಮಲಗಿದ್ದೆ."

"ಆ ಜ್ವರ ಹೋಗ್ಯಾದ, ಎದಿ ಒಳಗಿನ ಬಾಗಲ ಕೆಡಿಸಿ ಹೋಗ್ಯಾದ" ಅಂದರು ಡಾಕ್ಟರು. ಬಾಗಿಲು ಇಕ್ಕಟ್ಟಾಗಿ ಮೇಲಿನ ಕೋಣೆ ಉಬ್ಬಿದೆ, ಉಬ್ಬಿ ನಡುಗುತ್ತಿದೆ, ಅದಕ್ಕೇ ಬಡಿತಕ್ಕೆ ತಾಳ ಇಲ್ಲ ಎಂದು ಬಿಡಿಸಿ ಹೇಳಿದರು. "ಇವರ ಎದಿಯೊಳಗ ಹತ್ತು ಮಂದಿ ಒಮ್ಮೆಲೆ ಒದರಾಕತ್ಯಾರ. ಈ ಗುಳಿಗಿ ಬಾಗಲದಾಗ ನಿಂತು ಒಬ್ಬೊಬ್ಬರನ್ನೇ ಒಳಗ ಬಿಡ್ತದ. ಒದರೋದು ನಿಂದ್ರಂಗಿಲ್ಲ, ಗದ್ದಲ ಕಡಿಮಿ ಆಗ್ತದ." ವಾರದಲ್ಲಿ ಐದು ದಿನ ಗುಳಿಗೆ, ಶನಿವಾರ ಭಾನುವಾರ ಬಿಡುವು. ಊಟಕ್ಕೆ ಉಪ್ಪು ಕಡಿಮೆ. ವಾಂತಿ ಮಾಡಿಸುವುದು, ಜುಲಾಬು ಕೊಡುವುದು ಮಾತ್ರ ಯಾವ ಕಾರಣಕ್ಕೂ ಬೇಡ, ಈ ಗುಳಿಗೆ ತಿನ್ನುವವರಿಗೆ ಅದರಿಂದ ಜೀವಕ್ಕೇ ಕುತ್ತು ಬರಬಹುದು ಅಂದರು. ಆಮೇಲೆ ನನ್ನ ಕಡೆ ತಿರುಗಿ, "ನೀ ಎಸ್ಸೆಸ್ಸೆಲ್ಸಿ ಓದಿದಾಕಿ ಅಲ್ಲೇನು? ಗುಳಿಗಿ ಕೊಡೋ ಮುಂಚೆ ಕೈ ಹಿಡಿದು ಬಡಿತ ಎಣಿಸು. ಭಾಳ ನಿಧಾನ ಅನಿಸಿದ್ರ ಅವತ್ತ ಕೊಡಬ್ಯಾಡ" ಎಂದು ನನ್ನ ಬೆರಳನ್ನು ಅತ್ತೆಯ ಮುಂಗೈ ಮೇಲೆ ಇಟ್ಟು ತೋರಿಸಿದರು. ಒಂದು ಬಡಿತ ದೊಡ್ಡದು, ಎರಡು ಸಣ್ಣವು, ನಡುವೆ ಏನೂ ಇಲ್ಲ, ಮತ್ತೆ ಗಡಿಬಿಡಿ. ನನಗೆ ಹೆದರಿಕೆಯಾಯಿತು.

ಎಲ್ಲ ಕೆಟ್ಟದ್ದು ಈ ಎಣಿಕೆಯಿಂದ. ನನಗೆ ಮನಸ್ಸಿನೊಳಗೆ ಎಣಿಸಲು ಬರುವುದಿಲ್ಲ, ತುಟಿ ಅಲ್ಲಾಡುತ್ತದೆ. ಹಾಗೆ ಒಂದು ಬೆಳಿಗ್ಗೆ ಅತ್ತೆಯ ಕೈ ಹಿಡಿದು, ಕಣ್ಣು ಮುಚ್ಚಿ, ತುಟಿ ಅಲ್ಲಾಡಿಸುತ್ತ ಕೂತಿದ್ದಾಗ ಕಾಶಿಬಾಯಿ ಬಂದಳು. ಕಾಶಿಬಾಯಿ ಅಂದರೆ ಅತ್ತೆಯ ನೆಗೆಣ್ಣಿ, ನಮ್ಮ ಮಾವನ ತಮ್ಮನ ಹೆಂಡತಿ. ಪಕ್ಕದ ಓಣಿಯಲ್ಲಿ ಬೇರೆ ಮನೆ. ತನ್ನ ಅಕ್ಕನ ಮಗಳನ್ನು ಈ ಮನೆಗೆ ತರಬೇಕು ಅಂದುಕೊಂಡಿದ್ದವಳು, ನನ್ನ ಗಂಡ ಆಳಂದದ ನನ್ನನ್ನು ಒಪ್ಪಿದ್ದು ಅವಳಿಗೆ ಹೊಟ್ಟೆಯಲ್ಲೇ ಉಳಿದಿತ್ತು. ಬಾಗಿಲಲ್ಲಿ ನಿಂತು ನನ್ನ ತುಟಿಯನ್ನೇ ನೋಡಿದಳು. ಏನೂ ಕೇಳದೆ ತಿರುಗಿ ಹೋದಳು. ಕೇಳಿದ್ದರೆ ಹೇಳುತ್ತಿದ್ದೆ. ಕೇಳದೆ ಹೋದವರನ್ನು ಕಂಡರೆ ನನಗೆ ಈಗಲೂ ಭಯ.

ಮಧ್ಯಾಹ್ನ ಮತ್ತೆ ಬಂದು ಪಡಸಾಲೆಯಲ್ಲಿ ಕೂತಳು. ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಆ ಸಪ್ಪಳದ ನಡುವೆಯೂ ಕೇಳಬೇಕು ಅಂತಲೇ ದನಿ ಎತ್ತಿ ಮಾತಾಡಿದಳು.

"ಅಕ್ಕಾ, ಊಟದಾಗ ಮದ್ದ ಬಿದ್ದಾದ ನಿಮಗ. ಸೊಸಿ ಬಂದು ಇನ್ನಾ ವರ್ಷ ಆಗಿಲ್ಲ, ಕಲ್ಲಿನಂಥ ಹೆಂಗಸು ಹ್ಯಾಂಗ ಆಗೀರಿ ನೋಡ್ರಿ. ಕೈ ಹಿಡಿದು ಮಣಮಣ ಏನಂತಾಳ ಆಕಿ? ಉಪ್ಪ ಯಾಕ ಬಿಡ್ಸ್ಯಾಳ? ಉಪ್ಪ ತಿಂದರ ಮದ್ದ ಮೈಗಿ ಹತ್ತಂಗಿಲ್ಲ, ಅದಕ್ಕ."

"ಡಾಕ್ಟರ ಹೇಳ್ಯಾನ" ಅಂದರು ಅತ್ತೆ.

"ಡಾಕ್ಟರ ಹೇಳಿದ್ದು ಆಕಿ ಕಿವಿಗಿ, ನಿಮಗಲ್ಲ. ಜೇವರ್ಗಿ ಕಡಿ ಒಬ್ಬಾಂವ ಇದ್ದಾನ. ಬೇರು ಅರದು ಕುಡಿಸಿ ವಾಂತಿ ಮಾಡ್ಸಿ ಮದ್ದ ಹೊರಗ ತಗೀತಾನ. ಮದ್ದ ಕಣ್ಣಿಲೆ ಕಂಡ ಮ್ಯಾಲೆ ಸೊಸಿಗಿ ಆಳಂದದ ಬಸ್ಸು ಹತ್ತಸ್ರಿ."

ಅತ್ತೆ ಬಯ್ದಿದ್ದರೆ, ಇಲ್ಲ ಅಂದಿದ್ದರೆ ಸಮಾಧಾನ ಇರುತ್ತಿತ್ತು. ನನ್ನ ಕೈಯೊಳಗಿನ ರೊಟ್ಟಿ ಹರಿದುಹೋಯಿತು.

ಮರುದಿನ ಬೆಳಿಗ್ಗೆ ನಾನು ಕೈ ಚಾಚಿದರೆ ಅತ್ತೆ ತಮ್ಮ ಕೈಯನ್ನು ಸೆರಗಿನೊಳಗೆ ಎಳೆದುಕೊಂಡರು. ಗುಳಿಗೆಯ ಪೊಟ್ಟಣ ಗೂಡಿನಲ್ಲಿ ಇರಲಿಲ್ಲ. ಅದನ್ನು ತಮ್ಮ ಪೂಜೆಯ ಚೀಲದಲ್ಲಿ ಇಟ್ಟುಕೊಂಡಿದ್ದರು. ವಿಭೂತಿ, ಮಡಿಬಟ್ಟೆ, ಬಿಲ್ವಪತ್ರಿ ಇರುವ ಆ ಚೀಲವನ್ನು ಮೈಗೆ ನೀರು ಹಾಕಿಕೊಳ್ಳದ ಕೈ ಮುಟ್ಟುವಂತಿಲ್ಲ. ಜಳಕ ಆದ ಮೇಲೂ ಅವರನ್ನು ಬಿಟ್ಟು ಬೇರೆಯವರು ಮುಟ್ಟಿದ್ದನ್ನು ನಾನು ಕಂಡಿರಲಿಲ್ಲ. ಪೂಜೆ ಮುಗಿಸಿ, ಎರಡು ಗುಳಿಗೆ ಅಂಗೈಯಲ್ಲಿ ಇಟ್ಟುಕೊಂಡು ನನ್ನನ್ನು ಕರೆದರು.

"ಇದರಾಗಿಂದು ಒಂದು ನೀ ಮೊದಲ ತಿನ್ನು."

"ನನಗ ಯಾಕ್ರಿ ಅತ್ತಿ? ನನಗೇನಾಗ್ಯಾದ?"

"ಏನಿಲ್ಲ. ತಿನ್ನು. ನೀ ತಿಂದರ ನಾ ತಿಂತೇನಿ. ಇಲ್ಲಂದ್ರ ಜೇವರ್ಗಿ ಕಡಿ ಹೋಗ್ತೇನಿ."

ನಾನು ಅವರ ಮುಖ ನೋಡಿದೆ. ಇದು ಬೆದರಿಕೆಯಲ್ಲ, ಬಂಡಿ ಹೂಡಿಸಿ ಹೋಗಿಯೇ ಬಿಡುವ ಹೆಂಗಸು. ಹೋಗಿ ಬೇರಿನ ರಸ ಕುಡಿದು ವಾಂತಿ ಮಾಡಿಕೊಂಡರೆ ಏನಾಗುತ್ತದೆ ಎಂದು ಡಾಕ್ಟರು ಹೇಳಿದ್ದು ನನ್ನ ಕಿವಿಯಲ್ಲೇ ಇತ್ತು. ಅತ್ತೆ ಸತ್ತರೆ ಸೊಸೆ ಕೊಂದಳು ಅನ್ನುತ್ತಾರೆ. ಬದುಕಿ ಬಂದು, ಆ ಮನುಷ್ಯ ತಟ್ಟೆಯಲ್ಲಿ ಏನೋ ಕೂದಲು ಗಂಟು ತೋರಿಸಿ ಇದೇ ಮದ್ದು ಅಂದರೆ, ಆಳಂದದ ಬಸ್ಸು. ಗಂಡನಿಗೆ ಹೇಳಬಹುದಿತ್ತು. ಆದರೆ ಅವರು ತಾಯಿಯ ಮಗ. "ನಾಲ್ಕ ದಿನ ತವರಿಗಿ ಹೋಗಿ ಬಾ" ಅನ್ನುತ್ತಾರೆ ಎಂದು ನನಗೆ ಅನುಮಾನ, ಆ ನಾಲ್ಕು ದಿನ ಎಂದೂ ಮುಗಿಯದ ನಾಲ್ಕು ದಿನ. ಸಿಟ್ಟೂ ಬಂತು. ನನ್ನ ಮೇಲೆ ಶಕ್ ಇದೆಯೋ, ಸರಿ, ನೋಡೇಬಿಡೋಣ ಎಂದು ಗುಳಿಗೆ ನುಂಗಿದೆ. ವಿಭೂತಿ ಹತ್ತಿದ ಗುಳಿಗೆ. ಬಾಯಿ ತೆಗೆಸಿ, ನಾಲಿಗೆ ಎತ್ತಿಸಿ ನೋಡಿದ ಮೇಲೆ ಅತ್ತೆ ತಮ್ಮದನ್ನು ನುಂಗಿದರು.

ಇದು ದಿನದ ಪದ್ಧತಿಯಾಯಿತು. ಶನಿವಾರ ಭಾನುವಾರ ಗುಳಿಗೆಗೆ ಬಿಡುವು, ಗಂಡ ಮನೆಯಲ್ಲಿರುವುದೂ ಅವೇ ಎರಡು ದಿನ. ಹಾಗಾಗಿ ಅವರ ಕಣ್ಣಿಗೆ ಇದು ಬೀಳಲೇ ಇಲ್ಲ. ಮಳೆ ಬಿಡದೆ ಹಿಡಿಯಿತು. ಗೋಡೆಯ ಮಣ್ಣು ನೆನೆದ ವಾಸನೆ, ಕೊಟ್ಟಿಗೆಯ ಗಂಜಳದ ವಾಸನೆ, ಒದ್ದೆ ಸೌದೆಯ ಹೊಗೆ. ಹೊಲಕ್ಕೆ ಹೋಗಲಾಗದೆ ಅತ್ತೆ ದಿನವಿಡೀ ಪಡಸಾಲೆಯಲ್ಲಿ ಕೂತು ನನ್ನನ್ನು ನೋಡುತ್ತಿದ್ದರು. ನಾನೂ ಅವರನ್ನು ನೋಡುತ್ತಿದ್ದೆ. ಬೇಳೆಯ ಗಡಿಗೆ, ನೀರಿನ ಕೊಡ, ಚಟ್ನಿ ಹಿಂಡಿಯ ಡಬ್ಬಿ, ಎಲ್ಲದರ ಮುಚ್ಚಳ ಅವರೇ ತೆಗೆದು ಮೂಸುವರು. ಒಂದು ದಿನ ಅವರು ನನ್ನ ರೊಟ್ಟಿಯ ಮೇಲೆ ತಾವಾಗಿ ತುಪ್ಪ ಹಾಕಿದರು. ನಾನು ಆ ತುಪ್ಪವನ್ನು ಮೂಸಿ ನೋಡಿದೆ. ಅವರು ನೋಡಿದ್ದನ್ನು ನಾನು ಕಂಡೆ. ಅನುಮಾನ ನೆಗಡಿಯ ಹಾಗೆ, ಒಂದೇ ಮನೆಯಲ್ಲಿದ್ದವರು ತಪ್ಪಿಸಿಕೊಳ್ಳುವುದು ಕಷ್ಟ.

ಆದರೆ ಅತ್ತೆ ಚೇತರಿಸಿಕೊಂಡರು. ದಮ್ಮು ಇಳಿಯಿತು, ಕಾಲಿನ ಬಾವು ಇಳಿಯಿತು, ಹಿತ್ತಲಿಗೆ ಒಂದೇ ಉಸಿರಿನಲ್ಲಿ ಹೋಗಿಬರುತ್ತಿದ್ದರು. ಕೆಟ್ಟದ್ದು ನಾನು. ಮೊದಲು ಊಟ ಬೇಡವಾಯಿತು. ಆಮೇಲೆ ರೊಟ್ಟಿ ಬೇಯುವ ವಾಸನೆಗೇ ಹೊಟ್ಟೆ ತೊಳೆಸುತ್ತಿತ್ತು. ಓಣಿಯ ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು, ಬಸುರಿ ಅಂದರು. ಅಲ್ಲ ಅಂತ ನನಗೆ ಗೊತ್ತಿತ್ತು. ಬರಬರುತ್ತ ಎದ್ದು ನಿಂತರೆ ಕತ್ತಲೆ ಬರುತ್ತಿತ್ತು, ಸುಣ್ಣ ಹಚ್ಚಿದ ಗೋಡೆ ಹಳದಿಯಾಗಿ ಕಾಣುತ್ತಿತ್ತು. ಒಂದು ಮಧ್ಯಾಹ್ನ ನನ್ನ ಮುಂಗೈ ನಾನೇ ಹಿಡಿದು ನೋಡಿಕೊಂಡೆ. ಒಂದು ಬಡಿತ ಬಂದ ಮೇಲೆ ಇನ್ನೊಂದು ಬರುತ್ತದೋ ಇಲ್ಲವೋ ಎಂದು ಕಾಯಬೇಕಾಗಿತ್ತು. ಗುಳಿಗೆಯ ಕೆಲಸ ಅಂತ ಹೊಳೆಯಲಿಲ್ಲವೇ ಎಂದು ಈಗ ಕೇಳುತ್ತಾರೆ. ಹೊಳೆದಿತ್ತು. ಆದರೆ ನಾನು ಬಿಟ್ಟರೆ ಅವರೂ ಬಿಡುತ್ತಾರೆ ಅನ್ನುವುದೂ ಹೊಳೆದಿತ್ತಲ್ಲ.

ಶ್ರಾವಣ ಬಂತು. ಒಂದು ಸೋಮವಾರ, ಗಂಡ ಗೊಬ್ಬೂರಿಗೆ ಹೋಗಿ ಸ್ವಲ್ಪ ಹೊತ್ತಾಗಿತ್ತು, ನಾನು ನೀರೊಲೆಯ ಮುಂದೆ ಕೂತವಳು ಹಾಗೇ ಪಕ್ಕಕ್ಕೆ ಬಿದ್ದೆ. ಕಣ್ಣು ಬಿಟ್ಟಾಗ ಒಳಗಿನ ಕೋಣೆಯಲ್ಲಿ ಮಲಗಿದ್ದೆ. ಪಡಸಾಲೆಯಲ್ಲಿ ಕಾಶಿಬಾಯಿಯ ದನಿ.

"ನಾ ಹೇಳಿದ್ದೆ ಇಲ್ಲೋ ಅಕ್ಕಾ? ಮದ್ದ ಹಾಕಿದಾಕಿಗೇ ತಿರುಗ್ಯಾದ. ನಿಮಗ ಬಿಟ್ಟಾದ, ಆಕಿಗಿ ಹತ್ಯಾದ. ಹಾಕಿದವರು ಯಾರಂತ ಇನ್ನ ಬ್ಯಾರೆ ಸಾಕ್ಷಿ ಬೇಕೇನು?"

ಅತ್ತೆ ಏನಂದರೋ ನನಗೆ ಕೇಳಲಿಲ್ಲ. ಆಮೇಲೆ ಅಂಗಳಕ್ಕೆ ಇಳಿದ ಸಪ್ಪಳ.

"ಲಾಲೇಸಾಬ, ಎತ್ತ ಹೂಡು."

"ಅವ್ವಾರ, ಇವತ್ತ ಸೋಮಾರರಿ" ಅಂದ ಲಾಲೇಸಾಬ.

"ಗೊತ್ತದ."

"ಶ್ರಾವಣದ ಸೋಮಾರರಿ ಅವ್ವಾರ. ನಿಮಗೇ ದಮ್ಮ ಹತ್ತಿದಾಗ ಒಂದ ಸೋಮಾರ ಹೂಡ್ತೇನಂದ್ರ ಬ್ಯಾಡಂದಿದ್ರಿ."

"ಬಸವಣ್ಣಗ ನಾ ಜವಾಬ ಕೊಡ್ತೇನಿ. ನೀ ಹೂಡು."

ಕಾಶಿಬಾಯಿ ಏನೋ ಅನ್ನಲು ಹೋದಳು. "ನೀ ನಿನ್ನ ಮನಿಗಿ ನಡಿ" ಅಂದರು ಅತ್ತೆ.

ಅತ್ತೆ ಒಳಗೆ ಬಂದು ಪೆಟ್ಟಿಗೆ ತೆರೆದು ನನ್ನ ಸೀರೆ, ಕುಪ್ಪಸ ತೆಗೆದು ಗಂಟು ಕಟ್ಟಿದರು. ಅದನ್ನು ಕಂಡು ನನಗೆ ಎಲ್ಲ ಖಾತ್ರಿಯಾಯಿತು. ಬಸವಣ್ಣನ ವಾರವನ್ನೂ ಮುರಿದು ನನ್ನನ್ನು ಹೊರಗೆ ಹಾಕುತ್ತಿದ್ದಾರೆ. ಗಂಡ ಬರುವ ತನಕವೂ ತಾಳಲಾರದಷ್ಟು ಅವಸರ. ಅಳಬೇಕೆಂದರೆ ಅಳುವ ಕಸುವೂ ಇರಲಿಲ್ಲ. ಲಾಲೇಸಾಬ ಮತ್ತು ಅತ್ತೆ ಸೇರಿ ನನ್ನನ್ನು ಬಂಡಿಯಲ್ಲಿ ಹುಲ್ಲಿನ ಮೇಲೆ ಮಲಗಿಸಿದರು. ಅತ್ತೆ ತಲೆಯ ಹತ್ತಿರ ಕೂತು ಮಳೆಗೆ ಗೋಣಿತಟ್ಟು ಹಿಡಿದರು. ಅವರ ಮಡಿಲಲ್ಲಿ ನನ್ನ ಸೀರೆಯ ಗಂಟು, ಹೆಗಲಿಗೆ ಪೂಜೆಯ ಚೀಲ.

ಬಂಡಿ ಕೆಸರಿನಲ್ಲಿ ಹೂತು ಹೂತು ನಡೆಯಿತು. ಊರಿನ ಜನ ಬಾಗಿಲಿಗೆ ಬಂದು ನಿಂತು ನೋಡಿದರು, ಶ್ರಾವಣ ಸೋಮವಾರ ಗುರುಬಸವ್ವನ ಎತ್ತಿನ ಮೇಲೆ ನೊಗ. ಯಾರ ಮುಖವನ್ನೂ ಅತ್ತೆ ನೋಡಲಿಲ್ಲ. ದಾರಿಯುದ್ದಕ್ಕೂ ನನ್ನೊಡನೆಯೂ ಮಾತಿಲ್ಲ. ನಾನು ಒಂದೇ ವಿಷಯ ಯೋಚಿಸುತ್ತಿದ್ದೆ. ಅಫಜಲಪುರದಲ್ಲಿ ಮೊದಲು ಬಸ್ ನಿಲ್ದಾಣ ಸಿಗುತ್ತದೆ, ಆಮೇಲೆ ಡಾಕ್ಟರ ಮನೆ. ಬಂಡಿ ನಿಲ್ದಾಣದಲ್ಲಿ ನಿಂತರೆ ನನ್ನ ಸಂಸಾರ ಅಲ್ಲಿಗೆ ಮುಗಿಯಿತು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಅಫಜಲಪುರ ಬಂತು. ಬಸ್ಸಿನ ಹಾರನ್ನು ಕೇಳಿಸಿತು, ಯಾವನೋ ಊರುಗಳ ಹೆಸರು ಒದರುತ್ತಿದ್ದ. ಲಾಲೇಸಾಬ ಹಗ್ಗ ಸಡಿಲಿಸಿದ. ಅವನಿಗೂ ನನ್ನದೇ ಅನುಮಾನ ಇತ್ತೋ ಏನೋ, ತಿರುಗಿ ಅತ್ತೆಯ ಮುಖ ನೋಡಿದ.

"ಇಲ್ಯಾಕ ನಿಂದರ್ತಿ? ಹೊಡಿ" ಅಂದರು ಅತ್ತೆ.

ಡಾಕ್ಟರ ಮನೆಯ ಮುಂದೆ ಬೇರೆ ಜನ ಕಾಯುತ್ತಿದ್ದರು. ಅತ್ತೆ ಯಾರನ್ನೂ ಕೇಳಲಿಲ್ಲ, ನನ್ನ ತೋಳು ಹಿಡಿದು ನೇರ ಒಳಗೆ ನಡೆದರು. ಡಾಕ್ಟರು ಸಿಡುಕಲು ಬಾಯಿ ತೆರೆದವರು ನನ್ನ ಮುಖ ನೋಡಿ ಮುಂಗೈ ಹಿಡಿದರು. ಹುಬ್ಬು ಗಂಟಾಯಿತು.

"ಏನ ತಿಂದಿ ನೀನು?"

ಅತ್ತೆ ಹೆಗಲಿನ ಚೀಲ ತೆಗೆದು, ವಿಭೂತಿಯ ನಡುವಿನಿಂದ ಪೊಟ್ಟಣ ಎತ್ತಿ ಮೇಜಿನ ಮೇಲೆ ಇಟ್ಟರು.

"ಡಾಕ್ಟರಸಾಬ, ಈಕಿಗಿ ಮದ್ದ ಹಾಕ್ಯಾರ್ರಿ. ಹಾಕಿದಾಕಿ ನಾನು." ಅವರ ದನಿ ಬಂಡಿ ಹೂಡಲು ಹೇಳಿದಾಗ ಇದ್ದಷ್ಟೇ ಗಟ್ಟಿಯಾಗಿತ್ತು. "ಈಕಿ ನನಗ ಹಾಕ್ಯಾಳಂತ ತಿಳದು ದಿನಾ ಈಕಿಗೇ ಮೊದಲ ತಿನ್ನಸಿದೆ. ಈಕಿ ಬ್ಯಾಡ ಅನಲಿಲ್ಲ. ಇವತ್ತ ನಮ್ಮ ನೆಗೆಣ್ಣಿ ಹಾಕಿದವರು ಯಾರಂತ ಕೇಳಿದ್ಳು. ಕೇಳಿದ ಮ್ಯಾಲೆ ನನಗ ತಿಳೀತು. ವಿಷ ಅಂತ ತಿಳದು ಕೊಟ್ಟಾಕಿ ನಾನು, ಗೊತ್ತಿದ್ದೂ ತಿಂದಾಕಿ ಈಕಿ."

ಆ ಮಾತು ಕೇಳಿ ನಾನು ಅತ್ತುಬಿಟ್ಟೆ. ಆಗ ಎಲ್ಲಿಂದಲೋ ಕಸುವು ಬಂತು.

ಡಾಕ್ಟರು ಬಯ್ದದ್ದು ಅಷ್ಟಿಷ್ಟಲ್ಲ. ಅತ್ತೆಯನ್ನು ಬಯ್ದರು, ನನ್ನನ್ನು ಇನ್ನೂ ಹೆಚ್ಚು. "ಇವರ ಎದಿಯೊಳಗ ಹತ್ತು ಮಂದಿ ಇದ್ರು, ಅದಕ್ಕ ಬಾಗಲದಾಗ ಕಾವಲು ಇಟ್ಟೆ. ನಿನ್ನ ಎದಿಯೊಳಗ ಇದ್ದಾಂವ ಒಬ್ಬನ. ಅವನನ್ನೂ ಬಾಗಲದಾಗ ತಡದು ನಿಂದರಿಸೀರಿ. ಇನ್ನ ಒಂದೀಟು ತಿಂದಿದ್ರ ಅಂವ ಮನಿಗಿ ಹೋಗ್ತಿದ್ದ." ಮೂರು ರಾತ್ರಿ ನನ್ನನ್ನು ಅಲ್ಲೇ ಇಟ್ಟುಕೊಂಡರು. ಸೀರೆಯ ಗಂಟು ಅದಕ್ಕೇ ಬೇಕಾಗಿತ್ತು. ಅತ್ತೆ ನನ್ನ ಮಂಚದ ಕೆಳಗೆ ಗೋಣಿತಟ್ಟು ಹಾಸಿ ಮಲಗಿದರು. ಸುದ್ದಿ ತಿಳಿದು ಗೊಬ್ಬೂರಿನಿಂದ ಓಡಿಬಂದ ಗಂಡನಿಗೆ ಅತ್ತೆಯೇ ಎಲ್ಲ ಹೇಳಿದರು, ಒಂದು ಮಾತನ್ನೂ ಬಿಡದೆ. ನನಗೆ ಗುಳಿಗೆ ನಿಂತಿತು, ಅವರಿಗೆ ಮುಂದುವರಿಯಿತು. ಡಾಕ್ಟರು ಅವರ ಬಡಿತ ನೋಡಿ, "ಗುಳಿಗಿ ಇವರಿಗಿ ಛಲೋ ಹತ್ಯಾದ. ಆದ್ರ ಇನ್ನ ಯಾರೂ ಎಣಿಸದ ಕೊಡಬ್ಯಾಡ್ರಿ" ಅಂದರು.

ಊರಿಗೆ ಬರುವಾಗ ಬಂಡಿಯಲ್ಲಿ ಅತ್ತೆ ತಾವಾಗಿ ಮಾತು ತೆಗೆದರು. "ಆ ಡಾಕ್ಟರನ ಮ್ಯಾಲೆ ನನಗ ಇನ್ನಾ ಶಕ್ ಅದ. ಭಾಳ ಬಯ್ತಾನ" ಅಂದರು. ಲಾಲೇಸಾಬ ನಕ್ಕ. ಹಾಗಾದರೆ ನನ್ನ ಮೇಲೆ? ಕೇಳಬೇಕು ಅನ್ನಿಸಿತು, ಕೇಳಲಿಲ್ಲ. ಇಲ್ಲ ಅಂದಿದ್ದರೂ ನಾನು ನಂಬುತ್ತಿದ್ದೆನೋ ಇಲ್ಲವೋ.

ಮರುದಿನ ಬೆಳಿಗ್ಗೆ ನಾನು ಇನ್ನೂ ಹಾಸಿಗೆ ಬಿಟ್ಟಿರಲಿಲ್ಲ. ಅತ್ತೆ ಪೂಜೆ ಮುಗಿಸಿ ಬಂದು ನನ್ನ ಪಕ್ಕದಲ್ಲಿ ಕೂತು ಚೀಲವನ್ನು ನನ್ನ ಮುಂದೆ ಇಟ್ಟರು.

"ಗುಳಿಗಿ ತಗಿ."

"ಜಳಕ ಆಗಿಲ್ರಿ ಅತ್ತಿ."

"ಗೊತ್ತದ. ಕೈ ಹಾಕಬೇ."

ನಾನು ಕೈ ಹಾಕಿದೆ. ಮಡಿಬಟ್ಟೆ, ಪತ್ರಿ, ವಿಭೂತಿಯ ಪುಡಿ, ಅದರ ನಡುವೆ ಪೊಟ್ಟಣ. ಒಂದೇ ಗುಳಿಗೆ ತೆಗೆದೆ. ಅತ್ತೆ ಸೆರಗು ಸರಿಸಿ ಎಡಗೈ ಮುಂದೆ ಚಾಚಿದರು. ನಾನು ಬೆರಳಿಟ್ಟು ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿದೆ. ಅವರು ಕೈ ಹಿಂದಕ್ಕೆ ಎಳೆದುಕೊಂಡರು.

"ಬಾಯೊಳಗ ಎಣಸಬ್ಯಾಡ" ಅಂದರು. "ನನಗ ಕೇಳೂ ಹಂಗ ಎಣಸು. ಓಣಿ ಮಂದಿಗೂ ಕೇಳ್ಲಿ."

ಮತ್ತೆ ಕೈ ಚಾಚಿದರು. ನಾನು ಗಟ್ಟಿಯಾಗಿ ಎಣಿಸತೊಡಗಿದೆ. ನನ್ನ ಬೆರಳಿನ ವಿಭೂತಿ ಅವರ ಮುಂಗೈಗೆ ಹತ್ತಿತು.